ಟಿ.ಸಿ. ಕೇಳಿದ ಹೆಸರು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ನಮ್ಮ ಶಿರಹಟ್ಟಿಯ ರೂಢಿ. ಹೇಳಲೇಬೇಕಾಗಿ ಬಂದರೆ ಒಡಪು ಕಟ್ಟಿ, ಪ್ರಾಸದ ನಡುವೆ ಸೇರಿಸಿ ಹೇಳಬೇಕು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಮದುವೆಯಾಗಿ ಗದಗಿನಿಂದ ದಿಲ್ಲಿಗೆ ಹೊರಟಾಗ ನಾನು ಹೆಂಗಸರ ಡಬ್ಬಿಯಲ್ಲಿದ್ದೆ. ಅವರು, ನನ್ನ ಟಿಕೀಟಿನ ಸಮೇತ, ಗಂಡಸರ ಡಬ್ಬಿಯಲ್ಲಿ. ಎರಡನೆಯ ದಿನ ಟಿ.ಸಿ. ಬಂದ. ಪುಣ್ಯಕ್ಕೆ ಬೆಳಗಾವಿ ಕಡೆಯವನು.

“ಟಿಕೀಟ ಎಲ್ಲೈತ್ರಿ?”

“ನಮ್ಮವರ ಕಡೆ ಐತ್ರಿ.”

“ಅವರ ಹೆಸರೇನ್ರಿ?”

ನಾನು ತಲೆ ತಗ್ಗಿಸಿದೆ.

“ಹೆಸರು ಹೇಳಲಿಲ್ಲಂದ್ರ ಮುಂದಿನ ಟೇಶನ್ನಿಗೆ ಇಳಸ್ತೇನಿ, ನೋಡ್ರಿ.”

ಎದುರಿಗೆ ಕೂತಿದ್ದ ಧಾರವಾಡದ ಅಜ್ಜಿ ಕಿಸಕ್ಕನೆ ನಕ್ಕಳು. “ಒಡಪು ಹೇಳ, ಯವ್ವಾ. ಇಲ್ಲಾಂದ್ರ ನಿನ್ನ ಗಂಡ ಒಬ್ಬನ ದಿಲ್ಲಿಗೆ ಹೋಗಿ ಸಂಸಾರ ಮಾಡ್ತಾನ!”

ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟೆ: “ಕರಿ ಇಂಜಿನ್ನಿಗೆ ಕಲ್ಲಿದ್ದಲಿನ ಊಟ, ಹುಲಿಯಂಥ ಚನಬಸಪ್ಪನವರ ಕಡೆ ಐತಿ ನನ್ನ ಟಿಕೀಟ.”

ಇಡೀ ಡಬ್ಬಿ ಚಪ್ಪಾಳೆ ಹೊಡೆಯಿತು. ಟಿ.ಸಿ. ಮುಂದಿನ ಸ್ಟೇಷನ್ನಿನಲ್ಲಿ ಗಂಡಸರ ಡಬ್ಬಿಗೆ ಹೋಗಿ ವಿಚಾರಿಸಿ, ತಿರುಗಿ ನನ್ನ ಕಿಟಕಿಗೆ ಬಂದ.

“ನಿಮ್ಮ ಹುಲಿ ಸಿಕ್ಕಿತ್ರಿ, ತಂಗೆವ್ವಾ. ಬಾಯಿ ತೆಗೆದು ಗೊರಕಿ ಹೊಡೀತಿತ್ತು. ಎಬ್ಬಿಸಿ ಟಿಕೀಟ ನೋಡೇನಿ. ಆರಾಮ ಕುಂಡ್ರಿ.”

ದಿಲ್ಲಿಯ ರೇಷನ್ ಅಂಗಡಿಯವನೂ ಮೊದಲು ಗಂಡನ ಹೆಸರನ್ನೇ ಕೇಳುತ್ತಿದ್ದ. ಆದರೆ ಅವನಿಗೆ ಒಡಪು ಎಲ್ಲಿ ತಿಳಿಯಬೇಕು? ಹಾಗಾಗಿ ಇಲ್ಲಿ ಸಂಸಾರ ಹೂಡಿದ ಇಷ್ಟು ವರ್ಷವೂ ಆ ಅಂಗಡಿಯ ಸಾಲಿನಲ್ಲಿ ಅವರೇ ನಿಂತರು. ಊರು ಬಿಟ್ಟೆವೆಂದು ರೂಢಿ ಬಿಡಲಾದೀತೇ?