ಸಾಕು ಅಂದರೆ ಮೂಟೆ ಬಂತು

ಇಪ್ಪತ್ತೈದು ಕಿಲೋ ತೊಗರಿಬೇಳೆಯ ಮೂಟೆಯೊಂದು ಧೊಪ್ಪೆಂದು ನನ್ನ ಕಾಲ ಬಳಿ ಬಿತ್ತು! ಚೆನ್ನೈಗೆ ಬಂದ ಹೊಸತು. ಅಗ್ಗಕ್ಕೆ ಸಿಗುತ್ತದೆಂದು ಶೋಳಿಂಗನಲ್ಲೂರಿನಿಂದ ಬಸ್ಸು ಹತ್ತಿ ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬೇಳೆ ತೂಗುತ್ತಿದ್ದರು. ಎರಡು ಕಿಲೋ ಆದ ಕೂಡಲೇ ಅಭ್ಯಾಸಬಲದಿಂದ ಕನ್ನಡದಲ್ಲೇ "ಸಾಕು, ಸಾಕು" ಎಂದಿದ್ದೆ, ಅಷ್ಟೇ.

ಪಕ್ಕದಲ್ಲಿ ಒಣಮೆಣಸಿನಕಾಯಿ ಆರಿಸುತ್ತಿದ್ದ ಅಜ್ಜಿ ನಕ್ಕುಬಿಟ್ಟರು. "ತಮಿಳಲ್ಲಿ ಸಾಕ್ಕು ಅಂದ್ರೆ ಗೋಣಿಚೀಲ ಕಣಮ್ಮಾ. 'ಪೋದುಂ' ಅನ್ನಬೇಕು" ಎಂದರು, ಅಚ್ಚ ಕನ್ನಡದಲ್ಲಿ!

ಅಷ್ಟರಲ್ಲಿ ಅಂಗಡಿಯವರು, ಮೂಟೆ ತೆಗೆದುಕೊಂಡರೆ ಕಿಲೋಗೆ ಹತ್ತು ರೂಪಾಯಿ ಕಡಿಮೆ ಎಂದರು. ನನ್ನ ಕೈ ಆಗಲೇ ಪರ್ಸಿಗೆ ಹೋಗಿತ್ತು. ಮನೆಯಲ್ಲಿ ಎಷ್ಟು ಜನ ಎಂದು ಅಜ್ಜಿ ಕೇಳಿದರು. ಇಬ್ಬರೇ ಎಂದೆ.

"ಹಾಗಾದ್ರೆ ಉಳಿದದ್ದು ಯಾರಿಗೆ, ಹುಳಕ್ಕಾ?"

ಎರಡೇ ಕಿಲೋ ಹಿಡಿದು ಮನೆಗೆ ಬಂದೆ. ಈಗ ಫೋನಿನಲ್ಲಿ ಎಂಥ ರಿಯಾಯಿತಿ ಮಿನುಗಿದರೂ, ಇದು ಸಾಕೋ ಸಾಕ್ಕೋ ಎಂದು ಒಮ್ಮೆ ನನ್ನನ್ನೇ ಕೇಳಿಕೊಳ್ಳುತ್ತೇನೆ. ಎರಡಕ್ಕೂ ಒಂದೇ ಒಂದು ಒತ್ತಕ್ಷರದ ವ್ಯತ್ಯಾಸ. ತಿಂಗಳ ಕೊನೆಗೆ ಆ ಒತ್ತು ಎಷ್ಟು ತೂಗುತ್ತದೆ ಎಂಬುದು ನನ್ನ ಪರ್ಸಿಗೆ ಗೊತ್ತು.