ಇನಾಸನ ಮೂರು ಮಿಸ್ ಕಾಲ್

ಹಳಿಯಾಳ ತಾಲ್ಲೂಕಿನ ಮಾವಿನಕೊಪ್ಪದ ಸಿದ್ದಿ ಇನಾಸನಿಗೆ ಲಾರಿಯ ಸಹವಾಸ ಹತ್ತಿದ್ದು ಹದಿನೇಳನೆಯ ವಯಸ್ಸಿನಲ್ಲಿ. ದಾಂಡೇಲಿಯ ನಾಟಾ ಡಿಪೋದಲ್ಲಿ ಸಾಗವಾನಿಯ ದಿಮ್ಮಿಗಳನ್ನು ಲಾರಿಗೆ ಏರಿಸುವ ಕೂಲಿಗಳ ಜೊತೆಗೆ ಅವನೂ ಹೆಗಲು ಕೊಡುತ್ತಿದ್ದನು. ಹೆಗಲಿನಿಂದ ಚಕ್ರಕ್ಕೆ, ಚಕ್ರದಿಂದ ಸ್ಟೇರಿಂಗಿಗೆ ಬರಲು ಅವನಿಗೆ ಎಂಟು ವರ್ಷ ಹಿಡಿಯಿತು. ಲೈಸೆನ್ಸು ಕೈಗೆ ಬಂದ ದಿನ ಅದನ್ನು ಇಗರ್ಜಿಯ ಮೇಜಿನ ಮೇಲೆ ಇಟ್ಟು, ಮೇಣದ ಬತ್ತಿ ಹಚ್ಚಿ, ಆಮೇಲೆಯೇ ಕಿಸೆಗೆ ಹಾಕಿಕೊಂಡನು.

ತೊಂಬತ್ತರ ದಶಕದಲ್ಲಿ ಅವನು ಊರು ಬಿಟ್ಟನೆಂದರೆ, ಮರಳಿ ಬರುವವರೆಗೆ ಹೆಂಡತಿ ಇಜಾಬೆಲ್‌ಗೆ ಅವನ ಸುದ್ದಿ ಸಿಗುತ್ತಿದ್ದುದು ಪರರ ಬಾಯಿಂದಲೇ. ಎದುರಿಗೆ ಬಂದ ಲಾರಿಯವನಿಗೆ ಇನಾಸನು ಹೇಳುವನು. ಅವನು ಧಾರವಾಡದಲ್ಲಿ ಬಸ್ಸಿನ ಕಂಡಕ್ಟರನಿಗೆ ಹೇಳುವನು. ಕಂಡಕ್ಟರನು ಹಳಿಯಾಳದ ಸಂತೆಗೆ ಬಂದ ಯಾರಿಗಾದರೂ ಹೇಳುವನು. ಒಮ್ಮೆ ಸೊಲ್ಲಾಪುರದ ಹತ್ತಿರ ಟೈರು ಒಡೆದು ಎರಡು ದಿನ ನಿಂತಾಗ ಅವನು ಕಳಿಸಿದ ಸುದ್ದಿ, ನಾಲ್ಕು ಬಾಯಿ ದಾಟಿ ಊರು ಮುಟ್ಟುವಷ್ಟರಲ್ಲಿ ‘ಇನಾಸನ ಲಾರಿ ಪಲ್ಟಿಯಾಗಿ ಕಾಲು ಮುರಿದಿದೆ’ ಎಂದಾಗಿತ್ತು. ಇಜಾಬೆಲ್ ಅಳುತ್ತ ಕುಳಿತಿದ್ದಾಗಲೇ ಅವನು ಎರಡೂ ಕಾಲುಗಳ ಮೇಲೆ ನಡೆದುಕೊಂಡು ಅಂಗಳಕ್ಕೆ ಬಂದನು. ಅವಳು ಸಂತೋಷಪಡುವುದನ್ನು ಬಿಟ್ಟು, “ಇಷ್ಟು ಅಳಿಸಿದ್ರಲ್ಲಾ!” ಎಂದು ಒಂದು ವಾರ ಮಾತು ಬಿಟ್ಟಳು.

ಹೀಗಾಗಿ ಎರಡು ಸಾವಿರದ ನಾಲ್ಕರ ಸುಮಾರಿಗೆ ಇನಾಸನು ಹುಬ್ಬಳ್ಳಿಯಲ್ಲಿ ಎರಡು ಹಳೆಯ ಮೊಬೈಲು ಕೊಂಡು ತಂದಾಗ ಮನೆಯಲ್ಲಿ ಯಾರೂ ಅದನ್ನು ಶೋಕಿಯೆಂದು ಅನ್ನಲಿಲ್ಲ. ಒಂದು ಅವನ ಕಿಸೆಗೆ, ಇನ್ನೊಂದು ಮನೆಗೆ. ಮನೆಯೊಳಗೆ ಸಿಗ್ನಲ್ ಬರುತ್ತಿರಲಿಲ್ಲ. ಇಡೀ ಅಂಗಳವನ್ನು ಫೋನು ಹಿಡಿದು ಸುತ್ತಿ ನೋಡಿದಾಗ, ಹಲಸಿನ ಮರದ ಪೂರ್ವದ ಟೊಂಗೆಯ ಕೆಳಗೆ ಮಾತ್ರ ಎರಡು ಗೆರೆ ಮೂಡಿದವು. ಅಂದಿನಿಂದ ಫೋನಿಗೆ ಆ ಟೊಂಗೆಯೇ ಮನೆಯಾಯಿತು. ಇಜಾಬೆಲ್ ಒಂದು ಬಟ್ಟೆಯ ಚೀಲ ಹೊಲಿದು, ಅದರಲ್ಲಿ ಫೋನನ್ನು ಇಟ್ಟು ತೂಗುಹಾಕಿದಳು. ಹಳಿಯಾಳದ ಹಾಸ್ಟೆಲ್ಲಿನಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಿದ್ದ ಮಗಳು ಜೆನಿಫರ್, ಅಪ್ಪನ ನಂಬರಿಗೆ ಮಾತ್ರ ಒಂದು ಬೇರೆಯೇ ರಾಗ ಇಟ್ಟುಕೊಟ್ಟಳು. ಗದ್ದೆಯಲ್ಲಿ ಬಗ್ಗಿ ನಿಂತಿದ್ದರೂ ಆ ರಾಗ ಕೇಳಿದರೆ ಇಜಾಬೆಲ್‌ಗೆ ಕರೆ ಯಾರದೆಂದು ತಿಳಿಯುತ್ತಿತ್ತು.

ಆಗಿನ ಕಾಲದಲ್ಲಿ ಹೊರರಾಜ್ಯಕ್ಕೆ ಹೋದರೆ ಮಾಡಿದ ಕರೆಗೂ ದುಡ್ಡು, ಬಂದ ಕರೆಗೂ ದುಡ್ಡು. ಎತ್ತದೆ ಬಿಟ್ಟರೆ ಯಾವುದಕ್ಕೂ ದುಡ್ಡಿಲ್ಲ. ಆದುದರಿಂದ ಗಂಡಹೆಂಡಿರು ಕಟ್ಟಳೆಯೊಂದನ್ನು ಮಾಡಿಕೊಂಡಿದ್ದರು. ಒಂದು ಮಿಸ್ ಕಾಲ್ ಎಂದರೆ ‘ಆರಾಮ ಅದೇನಿ’. ಎರಡು ಎಂದರೆ ‘ಮಾಲು ಇಳಿಸಿದೆ’. ಮೂರು ಎಂದರೆ ‘ಮನೆಗೆ ಹೊರಟೆ’. ತಿಳಿಯಿತೆನ್ನುವುದಕ್ಕೆ ಅವಳು ತಿರುಗಿ ಒಂದು ಕೊಡಬೇಕು. ಮೊದಲ ತಿಂಗಳು ಅವಳು ಮರೆತು ಒಮ್ಮೆ ಎತ್ತಿ, ಎಮ್ಮೆ ಕರು ಹಾಕಿದ್ದರಿಂದ ಹಿಡಿದು ಓಣಿಯ ಸಮಾಚಾರವನ್ನೆಲ್ಲ ಹೇಳಿಬಿಟ್ಟಿದ್ದಳು. ಕರೆನ್ಸಿ ತೀರಿ ಇನಾಸನ ಫೋನು ಎರಡು ದಿನ ಸತ್ತಂತೆ ಬಿದ್ದಿತ್ತು. ಬಂದವನು ಗದರಿದ್ದನು: “ನನ್ನ ರಾಗ ಬಂದ್ರ ಏನಾದ್ರೂ ಆಗ್ಲಿ, ಎತ್ತಬ್ಯಾಡ. ಆಕಾಶ ಹರಕೊಂಡು ಬಿದ್ರೂ ಎತ್ತಬ್ಯಾಡ!” ಇಜಾಬೆಲ್ ಹಟದ ಹೆಂಗಸು. ಅಂದಿನಿಂದ ಎತ್ತಲಿಲ್ಲ.

ಆ ವರ್ಷ ನವೆಂಬರಿನಲ್ಲಿ ದಾಂಡೇಲಿಯಿಂದ ಕಾಗದದ ಸುರುಳಿಗಳನ್ನು ಹೇರಿಕೊಂಡು ಇನಾಸನು ಗುಂಟೂರಿಗೆ ಹೊರಟನು. ಜೊತೆಗೆ ಎರಡನೆಯ ಡ್ರೈವರ್ ರಫೀಕ. ದಾಂಡೇಲಿಯವನು, ಇನಾಸನಿಗಿಂತ ಹತ್ತು ವರ್ಷ ಹಿರಿಯ. ಮಾತಿನಲ್ಲಿ ಖಾರ ಹೆಚ್ಚು, ಗೇರು ಬದಲಿಸುವುದರಲ್ಲಿ ಬಹಳ ಮೃದು. ಇನಾಸನ ಎರಡು ಗದ್ದೆಗಳಲ್ಲಿ ಆಗ ಭತ್ತ ಹಣ್ಣಾಗಿ ನಿಂತಿತ್ತು. ಮನೆಯ ವರ್ಷದ ಊಟವೆಂದರೆ ಅದೇ. ಕೊಯ್ದ ಭತ್ತವನ್ನು ಮೂರು ದಿನ ಗದ್ದೆಯಲ್ಲಿಯೇ ಹರವಿ ಒಣಗಿಸಿ, ಆಮೇಲೆ ಪೆಂಡಿ ಕಟ್ಟಿ ಬಣವೆ ಒಟ್ಟುವುದು ಅಲ್ಲಿಯ ರೂಢಿ. ಹೊರಡುವಾಗ ಗಂಡಹೆಂಡಿರು ಮಾತಾಡಿಕೊಂಡಿದ್ದರು.

“ನೀವು ಅಲ್ಲಿಂದ ಹೊಂಟೇನಿ ಅಂತ ತಿಳಿಸಿದ ಕೂಡ್ಲೇ ನಾ ಮುಯ್ಯಾಳು ಕರದು ಕೊಯ್ಯಾಕ ಹಚ್ಚತೇನಿ. ನೀವು ಬರೂದರಾಗ ಒಣಗಿರತೈತಿ. ಬಂದು ಬಣವಿ ಒಟ್ಟಿದ್ರ ಮುಗೀತು” ಎಂದಿದ್ದಳು ಇಜಾಬೆಲ್. ಮುಯ್ಯಾಳು ಎಂದರೆ ಇವತ್ತು ಅವರು ನಮ್ಮ ಗದ್ದೆಗೆ ಬರುವುದು, ನಾಳೆ ನಾವು ಅವರ ಗದ್ದೆಗೆ ಹೋಗುವುದು. ಕೂಲಿಯ ಮಾತಿಲ್ಲ, ದಿನಕ್ಕೆ ದಿನ.

ಗುಂಟೂರಿನಲ್ಲಿ ಮಾಲು ಇಳಿಸಿ ಎರಡು ಮಿಸ್ ಕಾಲ್ ಕೊಟ್ಟದ್ದಾಯಿತು. ವಾಪಸಿನ ಲೋಡು ಮರುದಿನ ಸಂಜೆಗೆಂದು ತಿಳಿಯಿತು. ಆದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಆಕಾಶ ಕಪ್ಪಾಗಿ, ಗಾಳಿ ಎದ್ದು, ಮಳೆ ಬಂತು. ಸಾಮಾನ್ಯ ಮಳೆಯಲ್ಲ. ಹೆದ್ದಾರಿಯ ಮಗ್ಗುಲಿನ ಹೋಟೆಲಿನ ತಗಡುಗಳು ಹಾರಿದವು. ಲೋಡಿನ ಮಾತು ನಿಂತುಹೋಯಿತು. ಹೋಟೆಲಿನ ರೇಡಿಯೋದಲ್ಲಿ ಚಂಡಮಾರುತದ ಸುದ್ದಿ ಬರುತ್ತಿತ್ತು. ತೆಲುಗು ಪೂರ್ತಿ ತಿಳಿಯದಿದ್ದರೂ ‘ಪಡಮಟಿ’ ಎನ್ನುವ ಮಾತು ಇನಾಸನಿಗೆ ತಿಳಿಯಿತು. ಗಾಳಿ ಪಶ್ಚಿಮಕ್ಕೆ ಹೊರಟಿತ್ತು.

“ರಫೀಕಭಾಯಿ, ಇದು ನಮ್ಮ ಕಡೆ ಬರತೈತಿ” ಎಂದನು ಇನಾಸ.

“ಬರ್ಲಿ ಬಿಡು. ನಮಗಿಂತ ಮೊದ್ಲು ಮನಿ ಮುಟ್ಟತೈತಿ. ಅದಕ್ಕ ಟೋಲ್ ಇಲ್ಲ, ಆರ್‌ಟಿಓ ಇಲ್ಲ.”

ಇನಾಸನು ನಗಲಿಲ್ಲ. ಕೊಯ್ದು ಹರವಿದ ಭತ್ತದ ಮೇಲೆ ಮಳೆ ಬಿದ್ದರೆ ಗದ್ದೆಯಲ್ಲಿಯೇ ಮೊಳಕೆಯೊಡೆಯುತ್ತದೆ. ನಿಂತ ಬೆಳೆಯಾದರೆ ಮಲಗಬಹುದು, ಆದರೆ ಅನ್ನಕ್ಕೆ ಆಗುತ್ತದೆ. ಕೊಯ್ಯಬೇಡವೆಂದು ಹೇಳಿದರೆ ಸಾಕು, ವರ್ಷದ ಊಟ ಉಳಿಯುತ್ತದೆ. ಅವನು ಫೋನು ತೆಗೆದು ಮನೆಗೆ ಕರೆ ಮಾಡಿದನು. ಗಂಟೆ ಹೋಯಿತು, ಹೋಯಿತು, ನಿಂತಿತು. ಮತ್ತೆ ಮಾಡಿದನು. ಎತ್ತಲಿಲ್ಲ. “ಎತ್ತು ಇಜಾ, ಎತ್ತು!” ಎಂದು ಗೊಣಗುತ್ತ ಇನ್ನೊಮ್ಮೆ ಮಾಡಿದನು. ಕೊನೆಯ ತನಕ ಬಾರಿಸಿ ತಾನಾಗಿಯೇ ನಿಂತಿತು. ಅರೆಗಳಿಗೆ ಕಳೆಯುವಷ್ಟರಲ್ಲಿ ಅವನ ಫೋನು ಒಂದೇ ಒಂದು ಸಲ ಬಾರಿಸಿ ಸುಮ್ಮನಾಯಿತು. ಇಜಾಬೆಲ್‌ದು. ‘ತಿಳಿಯಿತು.’

ಇನಾಸನು ಕುಳಿತಲ್ಲಿಂದ ದಡಕ್ಕನೆ ಎದ್ದನು.

“ಏನಾತು? ನಿನ್ನ ಹೆಂಡ್ತಿ ಆರಾಮ ಅದಾಳಿಲ್ಲೋ?” ಎಂದನು ರಫೀಕ.

“ಎಷ್ಟ ಸಲ ಮಾಡಿದೆ ನಾನು?”

“ಮೂರು. ನಾನs ಎಣಿಸೇನಿ.”

“ಮೂರಂದ್ರ ಮನೀಗೆ ಹೊಂಟೇನಿ ಅಂತ. ನಾ ಹೊಂಟೆ ಅಂದ್ರ ಆಕಿ ಕೊಯ್ಯಾಕ ಹಚ್ಚತಾಳ!”

ರಫೀಕನು ಬಾಯಿಯ ಹತ್ತಿರ ತಂದ ಚಹಾದ ಕಪ್ಪನ್ನು ಕೆಳಗಿಟ್ಟನು. “ಭಲೇ ನಿನ್ನ! ಬ್ಯಾಡ ಅನ್ನಾಕ ಹೋಗಿ ಹೂಂ ಅಂದಿ. ಬ್ಯಾಡ ಅನ್ನಾಕ ಎಷ್ಟ ಗಂಟಿ ಇಟ್ಟಿದ್ರಿ?”

“ಇಟ್ಟಿಲ್ಲ.”

ನಾಲ್ಕನೆಯ ಸಲ, ಐದನೆಯ ಸಲ ಮಾಡಿದನು. ಗಂಟೆ ಬಾರಿಸಿದ್ದೇ ಬಂತು. ಇಜಾಬೆಲ್ ಮುಯ್ಯಾಳು ಕರೆಯಲು ಮನೆಮನೆಗೆ ಹೋಗಿರಬೇಕು, ಫೋನು ಟೊಂಗೆಯಲ್ಲಿ ಒಂಟಿಯಾಗಿ ಹಾಡುತ್ತಿರಬೇಕು ಎಂದು ಅವನ ಕಣ್ಣಿಗೆ ಕಟ್ಟಿತು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು, ಸಿಗ್ನಲ್ಲೂ ಹೋಯಿತು. ಹೆದ್ದಾರಿಯ ಅಂಗಡಿಗಳೆಲ್ಲ ಬಾಗಿಲು ಎಳೆದವು. ಬೆಳಗಾಗುವವರೆಗೆ ಮಾಡುವುದೇನೂ ಉಳಿಯಲಿಲ್ಲ.

ಮರುದಿನ ಹತ್ತು ಗಂಟೆಯಾದರೂ ಮಳೆ ಬಿಟ್ಟಿರಲಿಲ್ಲ. ಮೊಬೈಲಿನಲ್ಲಿ ಒಂದು ಗೆರೆ ಬಂದಿತು. ಇನಾಸನು ಅದನ್ನು ಕೈಯಲ್ಲಿ ಹಿಡಿದು, ಮಾಡಿದರೂ ತಪ್ಪು ಮಾಡದಿದ್ದರೂ ತಪ್ಪು ಎಂದು ಕುಳಿತಿದ್ದಾಗ ರಫೀಕನು ಹಲ್ಲುಜ್ಜುತ್ತ ಬಂದು ನಿಂತನು.

“ಲೇ ಇನಾಸ, ನಿನ್ನ ಮಗಳು ಹಾಸ್ಟೆಲ್ಲಿಂದ ಫೋನ್ ಮಾಡಿದ್ರ ಆಕಿ ಅವ್ವ ಎತ್ತತಾಳೋ ಇಲ್ಲೋ?”

“ಎತ್ತತಾಳ. ಅದು ಬ್ಯಾರೆ ರಾಗ.”

“ಮತ್ತ? ನಿನ್ನ ನಂಬರ್ ಬಿಡು. ಅಲ್ಲಿ ಎಸ್‌ಟಿಡಿ ಬೂತ್ ತಗದಾನ ನೋಡು.”

ಇನಾಸನು ಮಳೆಯಲ್ಲಿ ಓಡಿದನು. ಬೂತಿನ ಮಾಡು ತಗಡಿನದು. ಒಳಗೆ ನಿಂತರೆ ತನ್ನ ಉಸಿರೇ ತನಗೆ ಕೇಳುತ್ತಿರಲಿಲ್ಲ. ಎರಡು ಸಲ ಲೈನು ಸಿಗಲಿಲ್ಲ. ಮೂರನೆಯ ಸಲ ಗಂಟೆ ಹೋಯಿತು. ಆಮೇಲೆ ಒಂದು ಮುದುಕಿಯ ದನಿ ಕೇಳಿತು.

“ಯಾರs ಅದು?”

ನೆರೆಮನೆಯ ತಾಯವ್ವ. ವಯಸ್ಸಾದ್ದರಿಂದ ಕೊಯ್ಲಿಗೆ ಹೋಗದೆ ಅಂಗಳದಲ್ಲಿ ಕೋಳಿ ಕಾಯುತ್ತ ಕುಳಿತಿದ್ದಳು.

“ಯವ್ವಾ, ನಾ ಇನಾಸ. ಇಜಾನ್ನ ಕರಿ, ಲಗೂನ!”

“ಇನಾಸ ಲಾರ್‍ಯಾಗ ಅದಾನ, ದಾರ್‍ಯಾಗ ಬರಾಕತ್ತಾನ. ನೀ ಯಾರು?”

“ನಾನs ಅವನು, ಯವ್ವಾ!”

ಮುದುಕಿಗೆ ನಂಬಿಕೆಯಾಯಿತೋ ಇಲ್ಲವೋ, ಗದ್ದೆಯ ಕಡೆ ತಿರುಗಿ ಕೂಗಿದ್ದು ಮಾತ್ರ ಕೇಳಿಸಿತು. ಮೀಟರಿನ ಅಂಕಿಗಳು ಓಡುತ್ತಿದ್ದವು. ಕೊನೆಗೆ ಏದುಸಿರಿನ ಸದ್ದು.

“ಏನಾತ್ರೀ? ಗಾಡಿಗೆ ಏನರ ಆತೇನು?” ಎಂದಳು ಇಜಾಬೆಲ್.

“ನಾ ಆರಾಮ ಅದೇನಿ. ಕೊಯ್ಯೂದು ನಿಲ್ಲಸು. ಎಷ್ಟ ಕೊಯ್ದಿರಿ?”

“ಮ್ಯಾಲಿನ ಗದ್ದಿ ಮುಗೀಲಿಕ್ಕೆ ಬಂತು. ಹನ್ನೆರಡು ಮಂದಿ ಬಂದಾರ. ಯಾಕ?”

“ಮಳೀ ಬರಾಕತ್ತೈತಿ. ಇವತ್ತ ಸಂಜೀಕ, ಇಲ್ಲಾ ರಾತ್ರಿ. ಕೆಳಗಿನ ಗದ್ದಿ ಮುಟ್ಟಬ್ಯಾಡ್ರಿ. ಕೊಯ್ದದ್ದನ್ನ ಹಂಗs ಹೊತ್ತು ಒಳಗ ಹಾಕ್ರಿ.”

“ಇಲ್ಲಿ ಬಿಸಿಲು ಕಣ್ಣು ಕುಕ್ಕಾಕತ್ತೈತಿ, ಒಂದು ಮೋಡಿಲ್ಲ. ಹಸೀ ಭತ್ತ ಹೊರ್‍ರಿ ಅಂದ್ರ ಮಂದಿ ನನಗ ಹುಚ್ಚಿ ಅಂತಾರ. ಕೊಯ್ಯಾಕ ಬಂದಾರ ಅವರು, ಹೊರಾಕ ಅಲ್ಲ. ಹೊರೂದಂದ್ರ ಇನ್ನೊಂದು ದಿನದ ಮುಯ್ಯಿ ಆಕ್ಕೈತಿ.”

ಅವಳ ಮಾತು ಸುಳ್ಳಲ್ಲ. ಬಿಸಿಲಿನಲ್ಲಿ ನಿಂತ ಹನ್ನೆರಡು ಜನರನ್ನು ಬರಿಯ ಬಾಯಿಮಾತಿನಿಂದ ಒಪ್ಪಿಸುವುದು ಹೇಗೆ? ಇನಾಸನು ಬೂತಿನ ಬಾಗಿಲನ್ನು ಪೂರ್ತಿ ತೆರೆದು, ತಂತಿ ಎಳೆದಷ್ಟೂ ರಿಸೀವರನ್ನು ಹೊರಗೆ ಚಾಚಿ, ತಗಡಿನ ಅಂಚಿನ ಕೆಳಗೆ ಹಿಡಿದನು. ಬೂತಿನವನು ತೆಲುಗಿನಲ್ಲಿ ಬೈಯತೊಡಗಿದನು. ರಫೀಕನು ಅವನ ಭುಜ ಹಿಡಿದು, “ಒಂದು ನಿಮಿಷ ಅಣ್ಣಾ, ಸಂಸಾರದ ಮಾತು” ಎಂದು ಕನ್ನಡದಲ್ಲಿಯೇ ಸಮಾಧಾನ ಮಾಡಿದನು.

“ಕೇಳಿದಿ ಏನು?” ಎಂದನು ಇನಾಸನು ರಿಸೀವರನ್ನು ಕಿವಿಗೆ ತಂದು. “ನಾ ಅದರೊಳಗ ನಿಂತೇನಿ. ಅದs ಈಗ ನಿಮ್ಮ ಕಡೆ ಹೊಂಟೈತಿ.”

“ಇದು ಮಳಿ ಏನ್ರೀ? ಮಸೀನ್ ಓಡಿಸಿದಂಗ ಐತಲ್ಲ! ತಡೀರಿ, ಇಡಬ್ಯಾಡ್ರಿ. ಮಂದಿಗೆ ಕೇಳಸತೇನಿ.”

ಇನಾಸನು ಮತ್ತೆ ರಿಸೀವರನ್ನು ಮಳೆಗೆ ಚಾಚಿದನು. ಆರುನೂರು ಕಿಲೋಮೀಟರ್ ಆಚೆ, ಹಲಸಿನ ಮರದ ಕೆಳಗೆ, ಕುಡುಗೋಲು ಹಿಡಿದ ಹೆಂಗಸರು ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಂದು ಗುಂಟೂರಿನ ಮಳೆಯನ್ನು ಕೇಳಿದರು. ತೋಳು ಸೋತು ಅವನು ಕೈ ಬದಲಿಸಿದನು. ಮತ್ತೆ ಕಿವಿಗೆ ಹಿಡಿದಾಗ ಅಲ್ಲಿ ತಾಯವ್ವನ ದನಿ.

“ಇನಾಸಾ, ಖರೇ ನೀನs ಅದಿ ಬಿಡು. ಎಲ್ಲಾರೂ ಗದ್ದಿಗೆ ಓಡಿದ್ರು. ಇದನ್ನ ಹೆಂಗ ಆರಸೂದು?”

ಲಾರಿಯವರಿಬ್ಬರೂ ಮರಳುವಾಗ ಅರ್ಧ ದಾರಿ ಮಳೆಯ ಬೆನ್ನು ಹತ್ತಿಯೇ ಬರಬೇಕಾಯಿತು. ಮೂರನೆಯ ದಿನ ಮಧ್ಯಾಹ್ನ ಇನಾಸನು ಲಾರಿಯನ್ನು ರಫೀಕನ ಕೈಗೆ ಕೊಟ್ಟು, ಹಳಿಯಾಳದ ರಸ್ತೆಯಲ್ಲಿ ಇಳಿದು ಊರಿಗೆ ನಡೆದನು. ಗದ್ದೆಯ ಬದುಗಳೆಲ್ಲ ಕೆಸರಾಗಿದ್ದವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಮನೆಯ ಬಾಗಿಲು ದೂಡಿದರೆ ತೆರೆಯಲಿಲ್ಲ. ಒಳಗೆ ಎದೆಯೆತ್ತರ ಭತ್ತ. ಮಂಚದ ಮೇಲೆ, ಅಟ್ಟದ ಮೇಲೆ, ತಾಯವ್ವನ ಪಡಸಾಲೆಯಲ್ಲಿ, ಇಗರ್ಜಿಯ ಜಗಲಿಯಲ್ಲಿ ಎಲ್ಲೆಲ್ಲಿಯೂ ಹಸಿ ಭತ್ತದ ವಾಸನೆ. ಕೊನೆಗೆ ಹೊತ್ತ ಹತ್ತಿಪ್ಪತ್ತು ಹೊರೆಗಳು ಮಾತ್ರ ನೆನೆದು ಮೊಳಕೆ ಬಂದಿದ್ದವು. ಅವನ್ನು ಎಮ್ಮೆಗೆ ಹಾಕಿದ್ದರು. ಕೆಳಗಿನ ಗದ್ದೆಯ ಪೈರು ಒಂದೇ ಕಡೆಗೆ ಮಲಗಿತ್ತು, ಆದರೆ ತೆನೆ ಕೆಟ್ಟಿರಲಿಲ್ಲ.

“ಎಲ್ಲಿ ಮಲಗೂದು?” ಎಂದನು ಇನಾಸ.

“ಲಾರ್‍ಯಾಗ ಮಲಗಿ ರೂಢಿ ಐತೆಲ್ಲ, ಹೊರಗ ಬೀಳ್ರಿ” ಎಂದಳು ಇಜಾಬೆಲ್. ಆಮೇಲೆ ಮೆಲ್ಲಗೆ, “ಹನ್ನೆರಡು ಮನೀದು ಎರಡೆರಡು ದಿನದ ಮುಯ್ಯಿ ತಲಿ ಮ್ಯಾಲ ಐತ್ರಿ. ನನ್ನ ಒಬ್ಬಾಕಿ ಕೈಲೆ ತೀರೂದಲ್ಲ” ಎಂದಳು.

ಸ್ಟೇರಿಂಗ್ ಹಿಡಿದು ಹದಿನೈದು ವರ್ಷವಾಗಿದ್ದ ಇನಾಸನು ಮರುದಿನವೇ ಕುಡುಗೋಲು ಹಿಡಿದು ಪರರ ಗದ್ದೆಗೆ ಇಳಿದನು. ಎರಡನೆಯ ದಿನಕ್ಕೆ ಅಂಗೈಯಲ್ಲಿ ಬೊಬ್ಬೆಗಳು ಬಂದು ಒಡೆದವು. “ಡ್ರೈವರ್ ಸಾಹೇಬ್ರ, ಹಾರ್ನ್ ಹೊಡೀರಿ, ಹಿಂದ ಬಿದ್ದೀರಿ” ಎಂದು ಜೊತೆಯ ಹೆಂಗಸರು ನಕ್ಕರು. ಅವನೂ ನಕ್ಕು, ಬಟ್ಟೆ ಸುತ್ತಿಕೊಂಡು ಕೊಯ್ದನು.

ಆ ವಾರದ ಕೊನೆಗೆ ರಫೀಕನು ಫೋನು ಮಾಡಿದನು. ಮತ್ತೊಂದು ಲೋಡು ಸಿದ್ಧವಾಗಿತ್ತು. ಇಜಾಬೆಲ್ ಕೈ ಒರೆಸಿಕೊಂಡು ಟೊಂಗೆಯ ಚೀಲದಿಂದ ಫೋನನ್ನು ತೆಗೆದು ಕಿವಿಗೆ ಹಿಡಿದಳು.

“ಅವರು ಗದ್ದ್ಯಾಗ ಅದಾರ, ಅಣ್ಣಾ. ಇನ್ನೂ ಏಳು ಮನೀ ಮುಯ್ಯಿ ಉಳದೈತಿ. ಈ ಸಲ ಗಾಡಿಗೆ ಬ್ಯಾರೆ ಯಾರನ್ನರ ಕರಕೊಂಡು ಹೋಗ್ರಿ.”