ಒಂದೇ ತಟ್ಟೆಯ ಬೋಲ್ಟುಗಳು

ರೈಫಲ್ ಕ್ಲಬ್ಬಿಗೆ ಗುಮಾಸ್ತನಾಗಿ ಸೇರಿದ ದಿನವೇ ಅಲ್ಲಿನ ಉಗ್ರಾಣದ ಯಜಮಾನರನ್ನು ಕಂಡೆ. ಏಳು ಹಳೆಯ ರೈಫಲ್ಲುಗಳ ಬೋಲ್ಟುಗಳನ್ನು, ಅಂದರೆ ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಉಕ್ಕಿನ ಅಗುಳಿಗಳನ್ನು, ಒಂದೇ ಸೀಮೆಎಣ್ಣೆ ತಟ್ಟೆಯಲ್ಲಿ ಮುಳುಗಿಸಿ ಉಜ್ಜಿ, ಕೈಗೆ ಸಿಕ್ಕಿದ್ದನ್ನು ಸಿಕ್ಕ ರೈಫಲ್ಲಿಗೆ ತುರುಕುತ್ತಿದ್ದರು. ಪ್ರತಿ ಬೋಲ್ಟಿನ ಮೇಲೂ ಅದರದೇ ರೈಫಲ್ಲಿನ ನಂಬರು ಕೆತ್ತಿತ್ತು. "ನಂಬರ್ ನೋಡಬೇಡ್ವಾ ಸರ್?" ಎಂದೆ. "ಎಲ್ಲಾ ಅಕ್ಕತಂಗೀರು ಕಣಯ್ಯಾ, ಯಾವ ಮನೆಗೆ ಕಳಿಸಿದ್ರೂ ಬಾಳ್ತಾರೆ!" ಅವರಿಗೆ ಗೊತ್ತಿದ್ದ ಒಂದೇ ವಿದ್ಯೆ ಹೊಳಪು, ಬಾಗಿಲ ಚಿಲಕಕ್ಕೂ ಬೆಲ್ಟಿನ ಬಕಲಿಗೂ ತಮ್ಮ ಬೋಳುತಲೆಗೂ ಒಂದೇ ಬಟ್ಟೆ. ಬೋಲ್ಟಿಗೂ ತೋಟಾದ ಬುಡಕ್ಕೂ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೂ ತೋಟಾ ಒಡೆದು, ಬೆಂಕಿಗಾಳಿ ಗುಂಡು ಹಾರಿಸುವವರ ಕಣ್ಣಿಗೇ ನುಗ್ಗಬಹುದು. ಅದನ್ನು ಅಳೆಯುವ ಉಕ್ಕಿನ ಗೇಜು ಅವರ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿತ್ತು. ಒರೆಸಿ, ತೋಟಾದ ಜಾಗದಲ್ಲಿಟ್ಟು ನೋಡಿದೆ. ಅದರ ಮೇಲೆ ಬೋಲ್ಟು ಮುಚ್ಚಬಾರದು, ಮುಚ್ಚಿದರೆ ಸಂದು ಹೆಚ್ಚಾಗಿದೆ ಎಂದೇ ಅರ್ಥ. ಮೂರರಲ್ಲಿ ಸಲೀಸಾಗಿ ಮುಚ್ಚಿತು. "ಡಿಗ್ರಿ ಓದಿ ಬಂದು ನಂಗೆ ಬಂದೂಕು ಕಲಿಸ್ತೀಯಾ?" ಎಂದು ನಕ್ಕರು. ಗೂಡಿನಲ್ಲಿದ್ದ ಎಂಟನೆಯ ರೈಫಲ್ಲಿಗೆ ಬೋಲ್ಟೇ ಇರಲಿಲ್ಲ. ಎಲ್ಲಿ ಎಂದು ಕೇಳಿದೆ. ನಗು ನಿಂತಿತು. ಕೋಟಿನ ಜೇಬಿನಿಂದ ಬಟ್ಟೆ ಸುತ್ತಿದ್ದೊಂದನ್ನು ತೆಗೆದು, "ಇದು ನನ್ನ ಮಗಳು ಹೊಡೆಯೋ ರೈಫಲ್ಲಿಂದು. ಇದನ್ನ ತಟ್ಟೆಗೆ ಹಾಕಲ್ಲ" ಎಂದರು. ಅದರ ನಂಬರು ಸರಿಯಾಗಿತ್ತು. ಉಳಿದ ಏಳನ್ನೂ ನಂಬರು ನೋಡಿ ನಾನೇ ಜೋಡಿಸಿದೆ. ಗೇಜಿನ ಮೇಲೆ ಒಂದೂ ಮುಚ್ಚಲಿಲ್ಲ. ಅವರು ಈಗ ರೈಫಲ್ಲುಗಳನ್ನು ನನಗೆ ಬಿಟ್ಟು, ಕ್ಲಬ್ಬಿನ ಬಹುಮಾನದ ಕಪ್ಪುಗಳಿಗೆ ಹೊಳಪು ಕೊಡುತ್ತಾರೆ.